ಏಳು ಸುತ್ತಿನ ಕೋಟೆ, ಎರಡು ರೂಪಾಯಿ ಜೆರಾಕ್ಸ್

ಕಳೆದ ವಾರ ಬೆಂಗಳೂರಿನ ಒಂದು ಕಚೇರಿಯಲ್ಲಿ ನಾನು ಅರ್ಧ ದಿನ ನೆಟ್‌ವರ್ಕ್ ಕೇಬಲ್ ಆಗಿ ಕೆಲಸ ಮಾಡಿದೆ. ಸಂಬಳ ಇರಲಿಲ್ಲ. ಖರ್ಚೂ ನನ್ನದೇ.

ಅಪ್ಪನ ಹೆಸರಿನಲ್ಲಿದ್ದ ಮನೆಯ ಖಾತೆ ನನ್ನ ಹೆಸರಿಗೆ ಆಗಬೇಕಿತ್ತು. ಯಾವ ಕಚೇರಿ ಅಂತ ಮಾತ್ರ ಕೇಳಬೇಡಿ, ಮತ್ತೆ ಅಲ್ಲಿಗೇ ಹೋಗಬೇಕು. ಕೆಳಗಡೆ ನಾಲ್ಕನೇ ಕೌಂಟರಿನಲ್ಲಿ ಹಳೇ ಕಂಪ್ಯೂಟರ್. ಅಪ್ಪನ ದಾಖಲೆ ಅದರೊಳಗಿದೆ. ಮಹಡಿ ಮೇಲೆ ಏಳನೇ ಕೌಂಟರಿನಲ್ಲಿ ಹೊಸ ಕಂಪ್ಯೂಟರ್. ಅದೇ ದಾಖಲೆ ಅದಕ್ಕೆ ಬೇಕು. ನಡುವೆ 18 ಮೆಟ್ಟಿಲು, ಮತ್ತೆ ನಾನು.

ಕೆಳಗಿನವರು ಪ್ರಿಂಟ್ ತೆಗೆದು ಕೊಡುತ್ತಾರೆ. ಅದನ್ನು ಎದುರು ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಬೇಕು, ಯಾಕಂದರೆ ಪ್ರಿಂಟ್ ಅವರಿಗೇ ವಾಪಸ್. ಜೆರಾಕ್ಸ್ ಹಿಡಿದು ಮೇಲೆ ಹತ್ತಬೇಕು. ಮೇಲಿನ ಮೇಡಂ ಅದನ್ನು ನೋಡಿಕೊಂಡು ಒಂದೊಂದೇ ಅಕ್ಷರ ಮತ್ತೆ ಟೈಪ್ ಮಾಡುತ್ತಾರೆ.

‘ಎರಡು ಕಂಪ್ಯೂಟರಿಗೂ ವೈರ್ ಹಾಕಿದ್ದೀರಲ್ಲ ಮೇಡಂ?’

‘ವೈರ್ ಇದೆ ಸಾರ್. ಆದ್ರೆ ಅದೇ ಬೇರೆ ಸಿಸ್ಟಮ್, ಇದೇ ಬೇರೆ ಸಿಸ್ಟಮ್. ಮಾತಾಡಲ್ಲ.’ ಆಸ್ತಿ ಪಾಲಾದ ಮೇಲೆ ಮುಖ ನೋಡದ ಅಣ್ಣ ತಮ್ಮಂದಿರ ವಿಷಯ ಹೇಳುವ ಹಾಗೆ ಹೇಳಿದರು.

ನನ್ನ ಹಿಂದೆ ನಿಂತಿದ್ದ ಹುಡುಗ ಕಿಸಕ್ಕನೆ ನಕ್ಕ. ಬೆಳ್ಳಂದೂರು ಕಡೆಯ ಕಂಪನಿಯಲ್ಲಿ ಕೆಲಸ, ರಜೆ ಹಾಕಿ ಬಂದಿದ್ದ. ಅಮೆರಿಕದ ಯಾವುದೋ ಬ್ಯಾಂಕಿನ ಹಳೇ ಯಂತ್ರದಲ್ಲಿರುವ ಲೆಕ್ಕವನ್ನು ಅಲ್ಲಿನ ಜನರ ಮೊಬೈಲಿನಲ್ಲಿ ತೋರಿಸುವುದು ಅವನ ಉದ್ಯೋಗ. ‘ಅಂಕಲ್, ಬೇರೆ ಬೇರೆ ಸಿಸ್ಟಮ್‌ಗಳು ಮಾತಾಡ್ಲಿ ಅಂತಾನೇ ಪ್ರೊಟೊಕಾಲ್ ಅಂತ ಮಾಡಿರೋದು’ ಅಂದ. ಟೋಕನ್ ಕರೆಯುವುದು ತಡ ಇತ್ತು. ಪಾಠ ಶುರುವಾಯಿತು.

1984ರಲ್ಲೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದವರು ಕಂಪ್ಯೂಟರುಗಳ ಮಾತುಕತೆಗೆ ಏಳು ಪದರಗಳ ಮಾದರಿ ಮಾಡಿಟ್ಟಿದ್ದಾರಂತೆ. ನಮ್ಮ ಚಿತ್ರದುರ್ಗದ ಏಳು ಸುತ್ತಿನ ಕೋಟೆ ಅಂದುಕೊಳ್ಳಿ. ಅದು ಬಂದವರನ್ನು ತಡೆಯಲು, ಇದು ಬಂದಿದ್ದನ್ನು ದಾಟಿಸಲು. ತಳದ ಪದರಕ್ಕೆ ತಂತಿಯದಷ್ಟೇ ಚಿಂತೆ. ಒಂದಕ್ಕೆ ದಾರಿ ಹುಡುಕುವ ಕೆಲಸ, ಇನ್ನೊಂದಕ್ಕೆ ಎಲ್ಲ ತುಂಡೂ ತಲುಪಿತಾ ಅಂತ ನೋಡುವ ಕೆಲಸ. ದಾಖಲೆ ಜೋಡಿಸಿಟ್ಟ ಡೇಟಾಬೇಸಿಗೆ ಕೇಳುವ ಪ್ರಶ್ನೆ ಇವೆಲ್ಲದರ ಹೆಗಲೇರಿ ಹೋಗುತ್ತದೆ. ಕೆಳಗಿರುವುದು ತಾಮ್ರವೋ ವೈಫೈಯೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಯಾವ ಪದರವೂ ‘ಇದಕ್ಕೆ ಸಾಹೇಬ್ರ ಸೈನ್ ಇಲ್ಲ’ ಅನ್ನುವುದಿಲ್ಲ. ನಿಜವಾಗಿ ಎಲ್ಲ ಕಡೆ ಓಡುತ್ತಿರುವುದು ಟಿಸಿಪಿ ಐಪಿ ಅನ್ನುವ ಪ್ರೊಟೊಕಾಲ್ ಜೋಡಿ, ಅದರಲ್ಲಿ ಪದರ ಇನ್ನೂ ಕಮ್ಮಿ. ಇಂಟರ್ನೆಟ್ಟಿಗೆ ಹಿರಿಯಜ್ಜನಾದ ಅರ್ಪಾನೆಟ್ ಅದಕ್ಕೆ ಬದಲಾಗಿದ್ದು 1983ರ ಜನವರಿ 1ಕ್ಕೆ.

ಆ ಜೋಡಿಯಲ್ಲಿ ಎಲ್ಲ ತುಂಡೂ ತಲುಪಿತಾ ಅಂತ ನೋಡುವ ಟಿಸಿಪಿ ನನಗೆ ಬಹಳ ಹಿಡಿಸಿತು. ಕಳಿಸಿದ್ದಕ್ಕೆಲ್ಲ ಅದಕ್ಕೆ ಸ್ವೀಕೃತಿ ಬೇಕು. ಬರಲಿಲ್ಲವಾ, ತಾನೇ ಮತ್ತೆ ಕಳಿಸುತ್ತದೆ. ನಾನು ಟಪಾಲಿನಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಕೇಳಿದ್ದಕ್ಕೆ ‘ಏನ್ ಸಾರ್, ನಂಬಿಕೆ ಇಲ್ವಾ?’ ಅಂದಿದ್ದರು. ಟಿಸಿಪಿಗೆ ದೇವರಾಣೆಗೂ ಇಲ್ಲ.

ಬಾಗಿಲುಗಳ ಕಥೆ ಇನ್ನೂ ಚೆನ್ನಾಗಿದೆ. ಕಂಪ್ಯೂಟರಿನಲ್ಲಿ ನಂಬರ್ ಹಾಕಿದ ಬಾಗಿಲಿಗೆ ಪೋರ್ಟ್ ಅಂತಾರೆ. ಒರೇಕಲ್ ಡೇಟಾಬೇಸ್ ಸಾಮಾನ್ಯವಾಗಿ ಸಿಗುವುದು 1521ನೇ ಪೋರ್ಟಿನಲ್ಲಿ, ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್ 3306ರಲ್ಲಿ. ಇಲ್ಲಿ ಏಳನೇ ಕೌಂಟರ್ ಊಟದ ನಂತರ ಒಂಬತ್ತನೇ ಕೌಂಟರಿನ ಪಕ್ಕಕ್ಕೆ ಹೋಗಿತ್ತು. ಅಲ್ಲಿ ಫ್ಯಾನ್ ಇದೆ.

‘ಮತ್ತೆ ಭಾಷೆ?’ ಅಂತ ಕೇಳಿದೆ. ಐಬಿಎಂನ ದೊಡ್ಡ ಯಂತ್ರ ಇಂಗ್ಲಿಷಿನ ಕ್ಯಾಪಿಟಲ್ ಎ ಅಕ್ಷರವನ್ನು 193 ಅಂತ ಬರೆದುಕೊಳ್ಳುತ್ತದೆ, ನಮ್ಮ ಪಿಸಿ 65 ಅಂತ. ಹಾಗಂತ ಬ್ಯಾಂಕಿನವರು ಗಿರಾಕಿಯ ಕೈಗೆ ಜೆರಾಕ್ಸ್ ಕೊಟ್ಟು ಓಡಿಸಲಿಲ್ಲ. ಅದನ್ನು ಬದಲಾಯಿಸಿಕೊಳ್ಳುವುದು ಆರನೇ ಪದರದ ಪಾಲಿನ ಕೆಲಸ. 1992ರಲ್ಲಿ ಓಡಿಬಿಸಿ ಅಂತ ಬಂತು. ಕೇಳುವವನು ಒಂದೇ ರೀತಿ ಕೇಳಿದರೆ ಸಾಕು, ಆಯಾ ಡೇಟಾಬೇಸಿಗೆ ಬೇಕಾದ ಹಾಗೆ ಡ್ರೈವರ್ ಅನ್ನುವ ತಂತ್ರಾಂಶ ಹೇಳಿಕೊಳ್ಳುತ್ತದೆ. ಅಂದರೆ ಗೇಟಿನ ಹೊರಗೆ ಮರದ ಕೆಳಗೆ ಕೂತಿರುವ ಏಜೆಂಟ್ ಮಾಡುವ ಕೆಲಸವೇ, ಕಮಿಷನ್ ಇಲ್ಲದೆ.

ಮೇಡಂಗೆ ಇದೆಲ್ಲ ಕೇಳಿಸುತ್ತಿತ್ತು. ‘ನಾವೂ ಟ್ರೈ ಮಾಡಿದ್ವಿ ಸಾರ್’ ಅಂತ ಮಾನಿಟರ್ ನಮ್ಮ ಕಡೆ ತಿರುಗಿಸಿದರು. ಹಳೆಯದರಿಂದ ನೇರ ತಂದಿದ್ದ ಅಪ್ಪನ ಹೆಸರು ಅಲ್ಲಿತ್ತು. ಅಪ್ಪನ ಹೆಸರು ನಂಜುಂಡಪ್ಪ. ಪರದೆಯ ಮೇಲೆ ಮೊದಲು ಪೌಂಡ್ ಚಿಹ್ನೆ, ಕೊನೆಗೆ ಯೆನ್ ಚಿಹ್ನೆ, ನಡುನಡುವೆ ತಲೆ ಮೇಲೆ ಗೀಟು ಇಟ್ಟುಕೊಂಡ ಇಂಗ್ಲಿಷ್ ಎ ಅಕ್ಷರಗಳು. ಬದುಕಿರುವವರೆಗೂ ರೂಪಾಯಿ ಬಿಟ್ಟು ಬೇರೆ ನೋಟು ಮುಟ್ಟದ ಮನುಷ್ಯ. ಹೆಸರಲ್ಲೇ ವಿದೇಶಿ ವಿನಿಮಯ!

ಹಳೇ ಫಾಂಟಿನ ಕರಾಮತ್ತು ಇದು. ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲೇ ಕನ್ನಡದ ಚಿತ್ರ ಅಂಟಿಸಿರುತ್ತಾರೆ, ಫಾಂಟ್ ಬದಲಾದರೆ ಬಣ್ಣ ಬಯಲು. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ನಂಬರ್ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟಿದೆ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಗಳೂ ಇವೆ, ಪುಕ್ಕಟೆ ಸಿಗುತ್ತವೆ. ಆದರೆ ಇಲ್ಲಿ ಆರನೇ ಪದರ ಅಂದರೆ ಮೇಡಂ, ಒಂದನೇ ಪದರ ಅಂದರೆ ನನ್ನ ಮಂಡಿ.

ಎರಡನೇ ಪುಟದ ಜೆರಾಕ್ಸ್ ಬೇಕು ಅಂದರು. ಇಳಿದು ಹೋದೆ. ಪುಟಕ್ಕೆ ಎರಡು ರೂಪಾಯಿ. ಚಿಲ್ಲರೆ ಇರಲಿಲ್ಲ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದೆ. ನನ್ನದೊಂದು ಬ್ಯಾಂಕ್, ಅಂಗಡಿಯವನದು ಇನ್ನೊಂದು. ಅವರ ಕಂಪ್ಯೂಟರ್ ಬೇರೆ, ಇವರ ಕಂಪ್ಯೂಟರ್ ಬೇರೆ. ನಾನು ಫೋನ್ ಜೇಬಿಗಿಡುವ ಮೊದಲೇ ಡಬ್ಬಿ ಕೂಗಿತು: ‘ಎರಡು ರೂಪಾಯಿ ಸ್ವೀಕರಿಸಲಾಗಿದೆ.’ ಆ ಕಾಗದ ಹಿಡಿದು ಮತ್ತೆ 18 ಮೆಟ್ಟಿಲು ಹತ್ತಿದೆ.

ಮೂರೂವರೆಗೆ ಕೆಲಸ ಆಯಿತು. ಹೊಸ ಪ್ರಿಂಟ್ ಕೈಗೆ ಬಂತು. ಪೌಂಡ್ ಇಲ್ಲ, ಯೆನ್ ಇಲ್ಲ, ಅಚ್ಚ ಕನ್ನಡ. ‘ನಂಜಪ್ಪ’ ಅಂತ ಇತ್ತು.

‘ಮೇಡಂ, ನಡುವೆ ಉಂಡ ಬಿಟ್ಟು ಹೋಗಿದೆ.’

‘ಊಟದ ಟೈಮಲ್ಲಿ ಟೈಪ್ ಮಾಡಿದ್ದು ಸಾರ್. ತಿದ್ದುಪಡಿ ಇಲ್ಲಾಗಲ್ಲ, ಕೆಳಗೆ ನಾಲ್ಕಕ್ಕೆ ಹೋಗಿ.’

‘ಅಲ್ಲಿ ಸರಿಯಾಗೇ ಇದೆಯಲ್ಲ?’

‘ಸರಿ ಇದೆ ಅಂತಾನೇ ಬರೆಸ್ಕೊಂಡು ಬನ್ನಿ. ಎರಡು ಜೆರಾಕ್ಸ್ ಇರಲಿ.’