ಕಣ್ಣು ಮುಚ್ಚಿಕೊಳ್ಳಲು ಕಾಡಿಗೇ ಹೋಗಬೇಕೇ?

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಸ್ವಲ್ಪ ಖಾರವಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಲಾ 42 ಯೂರೋ ತೆತ್ತು ನಾನೂ ಯಜಮಾನರೂ ಫಿನ್ಲೆಂಡಿನ ನೂಕ್ಸಿಯೋ ರಾಷ್ಟ್ರೀಯ ಉದ್ಯಾನದಲ್ಲಿ ‘ಅರಣ್ಯಾನುಭವ ನಡಿಗೆ’ಗೆ ಹೋಗಿದ್ದೆವು. ನಾವಿರುವ ಎಸ್ಪೂವಿನಿಂದ 245ನೇ ನಂಬರಿನ ಬಸ್ಸು ಹತ್ತಿದರೆ ನೇರ ಕಾಡಿನ ಬಾಗಿಲು. ಹದಿನಾಲ್ಕು ಜನ, ಮೂರು ಗಂಟೆ. ಅಷ್ಟೂ ಹೊತ್ತು ಮಾರ್ಗದರ್ಶಿಯ ಬಾಯಿಂದ ಒಂದೇ ಒಂದು ಮರದ ಹೆಸರು ಹೊರಬೀಳಲಿಲ್ಲ. ‘ಕಣ್ಣು ಮುಚ್ಚಿ. ಉಸಿರು ಒಳಗೆಳೆದುಕೊಳ್ಳಿ. ಈ ಮರ ನಿಮಗೆ ಏನು ಹೇಳುತ್ತಿದೆ, ಕೇಳಿ.’ ನನಗಂತೂ ಮರ ಏನೂ ಹೇಳಲಿಲ್ಲ. ಕುಕ್ಕರ್ ತೊಳೆಯದೆ ಬಂದದ್ದು ನೆನಪಾಯಿತು.

ಆ ಮರ ಯಾವುದು ಗೊತ್ತೇ? ಆಸ್ಪೆನ್. ಎರಡಾಳು ಎತ್ತರದಲ್ಲಿ ಮರಕುಟಿಗ ಕೊರೆದ ದುಂಡನೆಯ ಪೊಟರೆಯೂ ಇತ್ತು. ಇಂಥ ಹಳೆಯ ಪೊಟರೆಗಳಲ್ಲಿ ವಾಸಿಸುವುದು ಇಲ್ಲಿನ ಹಾರುವ ಅಳಿಲು. ನಮ್ಮ ಮಲೆನಾಡಿನ ಹಾರುಬೆಕ್ಕಿನ ದೂರದ ನಂಟ, ಆದರೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು. ಈ ಉದ್ಯಾನದ ಲಾಂಛನವೇ ಅದು! ಲಾಂಛನದ ಪ್ರಾಣಿಯ ಮನೆಯಾಗಬಹುದಾದ ಮರದ ಕೆಳಗೆ ನಿಲ್ಲಿಸಿ, ಕಣ್ಣು ಮುಚ್ಚಿ ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ನಮ್ಮನ್ನು ಇಂಥದೇ ಕಾಡಿಗೆ ಬಿಟ್ಟಿಯಾಗಿ ಕರೆದುಕೊಂಡು ಹೋಗಿದ್ದರು. ಆಸ್ಪೆನ್ ಬುಡದಲ್ಲಿ ಎಲ್ಲರನ್ನೂ ಮಂಡಿಯೂರಿಸಿದರು. ಒದ್ದೆ ತರಗೆಲೆಯ ನಡುವೆ ಹಳದಿ ಕಾಳುಗಳು, ಥೇಟ್ ಅಕ್ಕಿಯ ಹಾಗೆ. ಅದು ಅಳಿಲಿನ ಹಿಕ್ಕೆ. ಚಳಿಗಾಲವಿಡೀ ಅದು ಆಲ್ಡರ್, ಬರ್ಚ್ ಮರಗಳ ಹೂಗೊಂಚಲು ತಿಂದು ಬದುಕುತ್ತದೆ. ಆ ಪರಾಗದ ಬಣ್ಣವೇ ಹಿಕ್ಕೆಗೂ ಬರುತ್ತದೆ. ಇರುಳಲ್ಲಿ ಓಡಾಡುವ ಪ್ರಾಣಿಯನ್ನು ಕಾಣುವುದು ಕಷ್ಟ, ಆದ್ದರಿಂದ ಪರಿಣತರು ವಸಂತದಲ್ಲಿ ಈ ಕಾಳನ್ನು ಹುಡುಕುತ್ತಾರೆ. ಅದರ ಗೂಡಿನ ಜಾಗಕ್ಕೆ ಕಾನೂನಿನ ರಕ್ಷಣೆಯಿದೆ. ಹಾಗಾಗಿ ಒಂದು ಹಿಡಿ ಹಿಕ್ಕೆಯಿಂದ ಮರ ಕಡಿಯುವ ಯೋಜನೆಯೇ ನಿಂತುಹೋಗಬಹುದು. ಅಂದು ಮನೆಗೆ ಬಂದವಳು ಅಮ್ಮನಿಗೆ ಫೋನ್ ಮಾಡಿ ಅರ್ಧ ಗಂಟೆ ಹಿಕ್ಕೆಯ ವರ್ಣನೆ ಮಾಡಿದ್ದೆ. ‘ನಿನಗೆ ಅಲ್ಲಿ ಬೇರೆ ಕೆಲಸ ಇಲ್ಲವೇ?’ ಎಂದರು ಅಮ್ಮ.

ನಿನ್ನೆ? ಬಿದ್ದು ಕೊಳೆಯುತ್ತಿದ್ದ ಒಂದು ಸ್ಪ್ರೂಸ್ ದಿಮ್ಮಿಯನ್ನು ದಾಟಿದೆವು. ಬೆಂಚು ಎಂದುಕೊಂಡು ಇಬ್ಬರು ಕೂತು ಫೋಟೋ ತೆಗೆಸಿಕೊಂಡರು. ಫಿನ್ಲೆಂಡಿನ ಕಾಡುಜೀವಿಗಳಲ್ಲಿ ಸುಮಾರು ಕಾಲು ಭಾಗ, ಅಂದರೆ ನಾಲ್ಕೈದು ಸಾವಿರ ಪ್ರಭೇದಗಳು, ಸತ್ತ ಮರವನ್ನೇ ನಂಬಿಕೊಂಡಿವೆ. ಅಣಬೆ, ಜೀರುಂಡೆ, ಪಾಚಿ, ಏನೆಲ್ಲ. ದೇಶದ ನೆಲದ ಮುಕ್ಕಾಲು ಪಾಲು ಕಾಡು ಎಂದು ನಾವು ಬೆರಗಾಗುತ್ತೇವೆ. ಅದರಲ್ಲಿ ಬಹುಪಾಲು ದಿಮ್ಮಿಗಾಗಿ ಬೆಳೆಸುವ ಕಾಡು, ಸತ್ತ ಮರಕ್ಕೆ ಅಲ್ಲಿ ಜಾಗ ಕಡಿಮೆ. ಇದನ್ನು ಹೇಳಲು ಎರಡು ನಿಮಿಷ ಬೇಕೇ? ಬದಲಿಗೆ ನಾವು ಕೇಳಿದ್ದು ‘ಮನುಷ್ಯರು ಮುಟ್ಟದ ಪ್ರಕೃತಿ’ ಎಂಬ ಮಾತು. ಬಸ್ಸಿನ ಕಿಟಕಿಯಿಂದ ಒಂದೇ ವಯಸ್ಸಿನ, ಒಂದೇ ಎತ್ತರದ ಮರಗಳ ಸಾಲು ನೋಡುತ್ತಲೇ ಬಂದಿದ್ದೆವಲ್ಲ ಸ್ವಾಮಿ!

ನನ್ನ ಪಿತ್ತ ನೆತ್ತಿಗೇರಿದ್ದು ಬಂಡೆಯ ಮೇಲೆ. ಬಂಡೆ ತುಂಬ ಬೂದುಬಿಳಿ ಕಲ್ಲುಹೂವು. ನಾವು ಮಸಾಲೆಗೆ ಹುರಿಯುವ ಕಲ್ಲುಹೂವಿನ ದಾಯಾದಿ, ಉತ್ತರದಲ್ಲಿ ಹಿಮಸಾರಂಗಗಳ ಚಳಿಗಾಲದ ಮೇವು. ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಒಣಗಿದಾಗ ಕಾಲಿಟ್ಟರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಮಾರ್ಗದರ್ಶಿ ಒಂದು ಹಿಡಿ ಕಿತ್ತು ‘ಕೆನ್ನೆಗೆ ಸವರಿಕೊಳ್ಳಿ, ಮೃದುತ್ವ ಅನುಭವಿಸಿ’ ಎಂದು ಎಲ್ಲರಿಗೂ ಹಂಚಿದರು. ಈ ದೇಶದಲ್ಲಿ ಯಾರ ಕಾಡಿನಲ್ಲಾದರೂ ನಡೆಯುವ, ಹಣ್ಣು ಅಣಬೆ ಆರಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಪಾಚಿ, ಕಲ್ಲುಹೂವು ಕೀಳುವುದು ಆ ಹಕ್ಕಿನಲ್ಲಿ ಸೇರಿಲ್ಲ. ಅದನ್ನು ನಮ್ಮಂಥ ಪ್ರವಾಸಿಗರಿಗೆ ಕಲಿಸಬೇಕಾದವರು ಯಾರು? ನಾನು ಬಾಯಿ ಬಿಡುವಷ್ಟರಲ್ಲಿ ಯಜಮಾನರು ಮೊಣಕೈಯಿಂದ ತಿವಿದರು. ಸುಮ್ಮನಾದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಅವರು ವಾದ ಹೂಡಿದರು: ‘ಎಲ್ಲರೂ ನಿನ್ನ ಹಾಗೆ ಹಿಕ್ಕೆ ಹುಡುಕಲು ಬರುವುದಿಲ್ಲ ಮಾರಾಯ್ತಿ. ವಾರವಿಡೀ ಕಂಪ್ಯೂಟರ್ ಮುಂದೆ ಕೂತವರಿಗೆ ನೆಮ್ಮದಿ ಬೇಕು. ಮೊದಲು ಪ್ರೀತಿ ಬರಲಿ, ತಿಳಿವಳಿಕೆ ಆಮೇಲೆ.’ ಸರಿ, ನೆಮ್ಮದಿ ಬೇಕು. ನೆಮ್ಮದಿಗೆ ಸೌನಾ ಇದೆ, ಸೋಫಾ ಇದೆ. ಅಲ್ಲಿ ಕಣ್ಣು ಮುಚ್ಚಲು ಯಾರೂ 42 ಯೂರೋ ಕೇಳುವುದಿಲ್ಲ. ಅಲ್ಲದೆ, ಆ ಶಿಕ್ಷಕಿಯ ಜೊತೆ ಮಂಡಿಯೂರಿದವರಲ್ಲಿ ಯಾರಿಗೆ ನೆಮ್ಮದಿ ಕಡಿಮೆಯಾಗಿತ್ತು? ಒಬ್ಬ ಹುಡುಗನಂತೂ ಎದ್ದೇಳಲು ಒಪ್ಪಿರಲಿಲ್ಲ.

ಒಂದು ಮಾತು ಹೇಳದೆ ಹೋದರೆ ಮೋಸವಾದೀತು. ತೀರ್ಥಹಳ್ಳಿಯ ಕಡೆಯವಳು ನಾನು, ಮನೆಯ ಹಿಂದೆಯೇ ಕಾಡು. ಅಜ್ಜ ಕರೆದಾಗಲೆಲ್ಲ ಜಿಗಣೆ ಎಂದು ನೆಪ ಹೇಳಿ ತಪ್ಪಿಸಿಕೊಂಡವಳು. ಇಲ್ಲಿಗೆ ಬಂದು ‘ಕೂಸಿ’ ಎಂದರೆ ಸ್ಪ್ರೂಸ್, ‘ಹಾಪಾ’ ಎಂದರೆ ಆಸ್ಪೆನ್ ಎಂದು ಕಲಿತೆ. ಕಳೆದ ವರ್ಷ ಊರಿಗೆ ಹೋದಾಗ ಮಗಳು ಅಂಗಳದಾಚೆಯ ಮರ ತೋರಿಸಿ ಹೆಸರು ಕೇಳಿದಳು. ಹೊನ್ನೆಯೋ, ಮತ್ತಿಯೋ? ನನಗೆ ಗೊತ್ತಾಗಲಿಲ್ಲ. ಅಜ್ಜ ತೀರಿಕೊಂಡು ಒಂಬತ್ತು ವರ್ಷವಾಗಿದೆ. ನಿನ್ನೆಯ ನನ್ನ ಸಿಟ್ಟಿನಲ್ಲಿ ಅರ್ಧ ಯಾರ ಮೇಲಿನದು ಎಂದು ನನಗೂ ಅನುಮಾನವಿದೆ.

ನಡಿಗೆ ಮುಗಿದ ಮೇಲೆ ನಾನೊಬ್ಬಳೇ ಆ ಆಸ್ಪೆನ್ ಬಳಿಗೆ ವಾಪಸು ಹೋದೆ. ಹುಲ್ಲು ಚಿಗುರಿತ್ತು, ಸೊಳ್ಳೆ ಬೇರೆ. ಬೆರಳಿನಿಂದ ಕೆದಕುತ್ತಿದ್ದಾಗ ನಮ್ಮ ತಂಡದಲ್ಲಿದ್ದ ಹೆಂಗಸೊಬ್ಬರು ಬಂದು ಏನು ಕಳೆದುಕೊಂಡಿರಿ ಎಂದು ಕೇಳಿದರು. ಹೇಳಿದೆ. ಅವರೂ ಕೈಚೀಲ ಪಕ್ಕಕ್ಕಿಟ್ಟು ಮಂಡಿಯೂರಿದರು. ಆರು ಕಾಳು ಸಿಕ್ಕವು, ಮಾಸಲು ಹಳದಿ. ಇಲಿಯದೇ ಇರಬಹುದು ಎಂದು ಯಜಮಾನರ ಅಭಿಪ್ರಾಯ. ಅಷ್ಟರಲ್ಲಿ ಬಸ್ಸು ಹೋಗಿತ್ತು.