ಸೋಪು, ಕರಬೂಜ ಮತ್ತು ಅಮ್ಮ

ಕಪ್ಪು ಬಿಳುಪು ಸಿನಿಮಾ ನೋಡಿ ಯಾರಾದರೂ ಹೆದರುತ್ತಾರಾ? ಹೈಸ್ಕೂಲಿನಲ್ಲಿದ್ದ ನನಗೆ ಇದ್ದದ್ದು ಅದೊಂದೇ ಧೈರ್ಯ. ಅದನ್ನೇ ನಂಬಿಕೊಂಡು ಒಂದು ರಾತ್ರಿ ಅಣ್ಣನ ಪಕ್ಕ ನಿರ್ದೇಶಕ ಹಿಚ್‌ಕಾಕ್‌ನ ‘ಸೈಕೋ’ ನೋಡಲು ಕೂತೆ. 1960ರ ಚಿತ್ರ ಅದು.

ಕಥೆ ಅರ್ಧಕ್ಕೆ ಬರುವ ಮೊದಲೇ ನಾಯಕಿ ಬಚ್ಚಲಲ್ಲಿ ಕೊಲೆಯಾದಳು. ನಾನು ನಂಬಲಿಲ್ಲ. “ಯಾರಾದ್ರೂ ನಾಯಕೀನ ಇಷ್ಟು ಬೇಗ ಸಾಯಿಸ್ತಾರಾ? ಕನಸಿರಬೇಕು, ಈಗ ಎದ್ದು ಕೂರ್ತಾಳೆ ನೋಡು” ಅಂತ ಅಣ್ಣನಿಗೇ ಸಮಾಧಾನ ಹೇಳಿದೆ. ಹೆಣವಿದ್ದ ಕಾರನ್ನು ಕೆಸರಿಗೆ ತಳ್ಳಿದರು. ಅದು ಮುಳುಗುತ್ತಾ ಮುಳುಗುತ್ತಾ ನಡುವೆ ನಿಂತುಬಿಟ್ಟಿತು. “ಹೇಳ್ಲಿಲ್ವಾ!” ಅಂದೆ. ಅಷ್ಟರಲ್ಲಿ ಅದೂ ಪೂರ್ತಿ ಮುಳುಗಿತು. ಆಮೇಲೆ ನಾನು ಬಾಯಿ ಬಿಡಲಿಲ್ಲ.

ಕೊಲೆ ಮಾಡಿದ್ದು ಯಾರು ಅಂತ ಇಲ್ಲಿ ಹೇಳಲ್ಲ. ಅರವತ್ತು ವರ್ಷ ದಾಟಿದರೂ ಆ ಗುಟ್ಟು ಬಿಡಬಾರದು. ಬಚ್ಚಲಿನ ಪರದೆಯಾಚೆ ಕಂಡದ್ದು ಚಾಕು ಹಿಡಿದ ಮುದುಕಿಯ ನೆರಳು, ಮನೆಯ ಹುಡುಗ ಕೂಗಿದ್ದು “ಅಮ್ಮಾ!” ಅಂತ. ಇಷ್ಟು ಸಾಕು.

ಮರುದಿನ ಸ್ನಾನಕ್ಕೆ ಹೋದೆ. ಮುಖಕ್ಕೆ ಸೋಪು ಹಚ್ಚಿದೆ, ಕಣ್ಣು ಮಾತ್ರ ಮುಚ್ಚಲಿಲ್ಲ. ಮುಚ್ಚಿದರೆ ಮುಗಿಯಿತಲ್ವಾ? ಉರಿ ತಡೆಯಲಾಗದೆ ತಡಕಾಡಿ ನಲ್ಲಿ ತಿರುಗಿಸಿದೆ. ನೀರು ನಿಂತಿತ್ತು. ಪೈಪಿನೊಳಗಿನ ಗಾಳಿ ಮಾತ್ರ ‘ಕೀಂ ಕೀಂ ಕೀಂ’ ಅಂದಿತು, ಥೇಟ್ ಆ ಕೊಲೆಯ ಹೊತ್ತಿಗೆ ಕಿರುಚಿದ ಪಿಟೀಲುಗಳ ಹಾಗೆ. ಅದೇ ಹೊತ್ತಿಗೆ ಬಾಗಿಲು ಧಡ ಧಡ.

“ಯಾರು?”

“ನಾನು ಕಣೋ, ಅಮ್ಮ!”

ಇದಕ್ಕಿಂತ ಕೆಟ್ಟ ಉತ್ತರ ಇರಲು ಸಾಧ್ಯವೇ ಇರಲಿಲ್ಲ. ಕೈಲಿದ್ದ ಮಗ್ ಬಾಗಿಲಿಗೆ ಎಸೆದೆ. ಅದು ಪುಟಿದು ಬಂದು ನನ್ನ ಹಣೆಗೇ ಬಡಿಯಿತು. ಟ್ಯಾಂಕ್ ಖಾಲಿ, ನೀರು ಬರಲ್ಲ ಅಂತ ಹೇಳಲು ಬಂದಿದ್ದಳಂತೆ, ಪಾಪ.

ಆ ಚಿತ್ರ ತೆಗೆದ ಬಗೆಯನ್ನು ಹುಡುಕಿ ಓದಿದ್ದು ಆಮೇಲೆ. ಪರದೆಯ ಮೇಲೆ ಮುಕ್ಕಾಲು ನಿಮಿಷದ ಆ ಕೊಲೆಗೆ 7 ದಿನ ಚಿತ್ರೀಕರಣ. ಬಚ್ಚಲಲ್ಲಿ ರಕ್ತವಾಗಿ ಹರಿದದ್ದು ಚಾಕೊಲೇಟ್ ಸಿರಪ್. ಹಿಚ್‌ಕಾಕ್‌ಗೆ ಆ ದೃಶ್ಯಕ್ಕೆ ಸಂಗೀತವೇ ಬೇಡವಾಗಿತ್ತು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಮಾತು ಕೇಳದೆ ಬರೀ ತಂತಿವಾದ್ಯಗಳಲ್ಲಿ ಅದನ್ನು ಮಾಡಿದ. ಕೇಳಿದ್ದರೆ ನನ್ನ ಹಣೆ ಉಳಿಯುತ್ತಿತ್ತು. ನಾಯಕಿಯಾಗಿದ್ದ ಜ್ಯಾನೆಟ್ ಲೀ ಕೂಡ ಆಮೇಲೆ ಶವರ್ ಕೆಳಗೆ ನಿಲ್ಲಲು ಹೆದರುತ್ತಿದ್ದಳಂತೆ. ಕೊಲೆಯಾದವಳಿಗೇ ಹೀಗಾದರೆ ನನ್ನದೇನು ಮಹಾ!

ಇಷ್ಟು ಓದಿದರೆ ಭಯ ಹೋಗಬೇಕಿತ್ತು. ಆದರೆ ಚಾಕು ಇರಿಯುವ ಸದ್ದಿಗೆ ಕರಬೂಜದ ಜಾತಿಯ ಹಣ್ಣಿಗೆ ಇರಿದಿದ್ದರು ಅಂತಲೂ ಓದಿಬಿಟ್ಟೆ. ಬಚ್ಚಲಿನಲ್ಲಿದ್ದ ಭಯ ಅಡುಗೆಮನೆಗೂ ಬಂತು. ಅಮ್ಮ ಹಣ್ಣಿಗೆ ‘ಚಸಕ್’ ಅಂತ ಚಾಕು ಹಾಕಿದರೆ ನಾನು ಸುಮ್ನೆ ಎದ್ದು ಹೊರಗೆ ಹೋಗುತ್ತಿದ್ದೆ.

ಕಳೆದ ವರ್ಷ ಅಮ್ಮನಿಗೂ ಈ ಚಿತ್ರ ತೋರಿಸಿದೆ. ಅವಳು ಹೆದರುವುದನ್ನು ನೋಡುವ ಆಸೆ. ಕೊಲೆಗೆ ಅವಳು ಕಣ್ಣು ಮಿಟುಕಿಸಲಿಲ್ಲ. ಆ ಹುಡುಗ ಒಬ್ಬನೇ ಬಚ್ಚಲನ್ನೆಲ್ಲ ತೊಳೆದು ಒರೆಸುವ ದೃಶ್ಯ ಬಂದಾಗ ಮಾತ್ರ ಮುಂದಕ್ಕೆ ಬಾಗಿ ಕೂತಳು.

“ನೋಡು ಎಷ್ಟು ಚೆನ್ನಾಗಿ ತೊಳೀತಾನೆ. ಅಮ್ಮನಿಗೋಸ್ಕರ. ನೀನೂ ಇದ್ದೀಯ.”