ಉಟ್ಟ ಬಟ್ಟೆಯಲ್ಲೇ

ವಿಮಾನದ ಟಿಕೆಟ್ ಕಾಯ್ದಿರಿಸುವಾಗ ಕೊನೆಯಲ್ಲೊಂದು ಪುಟ್ಟ ಚೌಕ ಬರುತ್ತದೆ. ಷರತ್ತುಗಳನ್ನು ಓದಿದ್ದೇನೆ, ಒಪ್ಪಿದ್ದೇನೆ ಎಂದು ಅದರಲ್ಲಿ ಗುರುತು ಹಾಕಬೇಕು. ಓದಿದವರು ಯಾರೂ ಇಲ್ಲ, ಒಪ್ಪದವರೂ ಯಾರೂ ಇಲ್ಲ. ಆ ಷರತ್ತುಗಳಲ್ಲಿ ಯಾರನ್ನೆಲ್ಲ ಹತ್ತಿಸಿಕೊಳ್ಳದೆ ಬಿಡಬಹುದು ಎಂಬ ಪಟ್ಟಿಯೊಂದಿದೆ. ಕುಡಿದು ತೂರಾಡುವವರು, ಸಿಬ್ಬಂದಿಯ ಮಾತು ಕೇಳದವರು, ಅಂಟುರೋಗ ತಗುಲಿಸಿಕೊಂಡವರು. ಇಂಥ ದೊಡ್ಡ ಅಪರಾಧಿಗಳ ಸಾಲಿನಲ್ಲಿ ಪಾಪದ ಬಟ್ಟೆಯೂ ಬಂದು ಕೂತಿರುತ್ತದೆ.

ಅಮೆರಿಕನ್ ಏರ್‌ಲೈನ್ಸ್ ಇದನ್ನು ಎರಡೇ ಮಾತಿನಲ್ಲಿ ಮುಗಿಸುತ್ತದೆ: ತಕ್ಕ ಉಡುಪು ತೊಟ್ಟು ಬನ್ನಿ, ಬರಿಗಾಲು ಮತ್ತು ಆಕ್ಷೇಪಾರ್ಹ ಬಟ್ಟೆ ಸಲ್ಲದು. ಯಾವುದಕ್ಕೆ ತಕ್ಕದ್ದು, ಆಕ್ಷೇಪ ಯಾರದ್ದು ಎಂಬ ವಿವರಣೆ ಇಲ್ಲ. ಸ್ಪಿರಿಟ್ ಏರ್‌ಲೈನ್ಸ್ ಮಾತ್ರ 2025ರ ಜನವರಿಯಲ್ಲಿ ಸಂಕೋಚ ಬಿಟ್ಟು ಬಿಡಿಸಿ ಬರೆಯಿತು. ಮೈ ಕಾಣುವಷ್ಟು ತೆಳುವಾದ ಬಟ್ಟೆ, ಮುಚ್ಚಬೇಕಾದ್ದನ್ನು ಮುಚ್ಚದ ಬಟ್ಟೆ, ಅಶ್ಲೀಲ ಬರಹ, ಕೊನೆಗೆ ಮೈಮೇಲಿನ ಹಚ್ಚೆಯೂ ಪಟ್ಟಿಗೆ ಸೇರಿತು. ಉಳಿದವರು ಮುಗುಮ್ಮಾಗಿರುವುದು ಮರೆವಿನಿಂದಲ್ಲ. ಇಷ್ಟು ಅಂಗುಲ ಎಂದು ಬರೆದುಬಿಟ್ಟರೆ ಗೇಟಿನಲ್ಲಿ ಟೇಪು ಹಿಡಿದು ನಿಲ್ಲಬೇಕಾಗುತ್ತದೆ. ಬರೆಯದಿದ್ದರೆ ಅಲ್ಲಿರುವ ಸಿಬ್ಬಂದಿಯ ಕಣ್ಣೇ ಅಳತೆಗೋಲು.

ತಾಪತ್ರಯ ಶುರುವಾಗುವುದೂ ಅಲ್ಲೇ. ಚೆಕ್-ಇನ್ ಕೌಂಟರಿನಲ್ಲಿ ಯಾರೂ ಏನೂ ಅನ್ನಲಿಲ್ಲ, ಭದ್ರತಾ ತಪಾಸಣೆಯಲ್ಲೂ ಬಿಟ್ಟರು, ಈಗೇನು ಹೊಸ ತಕರಾರು ಎಂದು ಪ್ರಯಾಣಿಕರು ಕೇಳುತ್ತಾರೆ. ತಪಾಸಣೆಯವರು ಹುಡುಕುವುದು ಸ್ಫೋಟಕವನ್ನು. ಸಭ್ಯತೆ ಅವರ ಇಲಾಖೆಯಲ್ಲ. ಹಾಗಾಗಿ ಬಟ್ಟೆಯ ವಿಚಾರಣೆ ನಡೆಯುವುದು ವಿಮಾನದ ಬಾಗಿಲಲ್ಲಿ, ಅದು ಮುಚ್ಚಲು ಕೆಲವೇ ನಿಮಿಷ ಉಳಿದಿರುವಾಗ. ಆ ಹೊತ್ತಿನಲ್ಲಿ ವಾದ ಮಾಡಿ ಗೆದ್ದವರು ಕಡಿಮೆ. ಟೀ ಶರ್ಟಿನ ಬರಹದ ಮೇಲೆ ಆಕ್ಷೇಪವಿದ್ದರೆ ಶೌಚಾಲಯಕ್ಕೆ ಹೋಗಿ ಒಳಹೊರಗು ಮಾಡಿ ತೊಟ್ಟು ಬಂದರೆ ಸಾಮಾನ್ಯವಾಗಿ ಕತೆ ಮುಗಿಯುತ್ತದೆ. ಬಟ್ಟೆ ಗಿಡ್ಡ ಎಂದರೆ ಕೈಚೀಲದಲ್ಲಿರುವ ಒಂದು ತೆಳು ಜಾಕೆಟ್ ಸಾಕು. ಆ ಜಾಕೆಟ್ಟು ಲಗೇಜಿಗೆ ಹಾಕಿದ ಸೂಟ್‌ಕೇಸಿನಲ್ಲಿದ್ದರೆ ಮಾತ್ರ ದೇವರೇ ಗತಿ. ಪ್ರಯಾಣಿಕರನ್ನು ಇಳಿಸಿದರೆ ಅವರ ಸೂಟ್‌ಕೇಸನ್ನೂ ವಿಮಾನದ ಹೊಟ್ಟೆಯೊಳಗಿಂದ ಹುಡುಕಿ ತೆಗೆಯಬೇಕಾಗಬಹುದು, ಆಗ ಮಿಕ್ಕವರೆಲ್ಲ ಗಡಿಯಾರ ನೋಡುತ್ತ ಕೂರಬೇಕು.

2017ರ ಮಾರ್ಚಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಲೆಗ್ಗಿಂಗ್ಸ್ ತೊಟ್ಟಿದ್ದ ಇಬ್ಬರು ಹುಡುಗಿಯರನ್ನು ಯುನೈಟೆಡ್ ಏರ್‌ಲೈನ್ಸ್ ಸಿಬ್ಬಂದಿ ಹತ್ತಿಸಿಕೊಳ್ಳಲಿಲ್ಲ, ಜಗತ್ತಿಡೀ ಗುಲ್ಲಾಯಿತು. ಗುಲ್ಲಿನಲ್ಲಿ ಕಳೆದುಹೋದ ಸಂಗತಿಯೆಂದರೆ ಅವರು ದುಡ್ಡು ಕೊಟ್ಟು ಬಂದ ಪ್ರಯಾಣಿಕರಲ್ಲ, ನೌಕರರ ಕುಟುಂಬಕ್ಕೆ ಸಿಗುವ ಪಾಸಿನ ಮೇಲೆ ಬಂದವರು. ಪಾಸಿನವರಿಗೆ ಬೇರೆಯದೇ ನಿಯಮ; ಕಂಪನಿಯ ಮನೆಯವರಂತೆ ಕಾಣಬೇಕು ಎಂಬ ಲೆಕ್ಕ. ಟಿಕೆಟ್ ಕೊಂಡವರು ಲೆಗ್ಗಿಂಗ್ಸ್ ತೊಟ್ಟು ಧಾರಾಳವಾಗಿ ಬರಬಹುದು ಎಂದು ಕಂಪನಿಯೇ ಹೇಳಿತು. ಎರಡನೆಯ ಸುತ್ತು 2025ರ ನವೆಂಬರಿನದು. ಪೈಜಾಮ, ಸ್ಲಿಪ್ಪರ್‌ಗಳಲ್ಲಿ ವಿಮಾನ ನಿಲ್ದಾಣಕ್ಕೆ ಬರಬೇಡಿ, ಸ್ವಲ್ಪ ಗೌರವವಾಗಿ ಬನ್ನಿ ಎಂದು ಅಮೆರಿಕದ ಸಾರಿಗೆ ಸಚಿವ ಶಾನ್ ಡಫಿ ಕೇಳಿಕೊಂಡರು. ಗೌರವದ ಪ್ರಶ್ನೆ ಅವರಿಗೇ ಇರಲಿ. ಸ್ಲಿಪ್ಪರ್ ಬೇಡ ಅಂದದ್ದು ಮಾತ್ರ ಸರಿಯೇ, ಕಾರಣ ಬೇರೆ.

ಮನುಷ್ಯರು ಮಾಡಿದ ಉಡುಪಿನ ನಿಯಮ ಕುತ್ತಿಗೆಯಿಂದ ಮೊಣಕಾಲಿನವರೆಗೆ ನೋಡುತ್ತದೆ. ವಿಮಾನದ ನಿಯಮ ಪಾದದಿಂದ ಮೇಲಕ್ಕೆ ನೋಡುತ್ತದೆ.

ಹೊಸ ಮಾದರಿಯ ದೊಡ್ಡ ವಿಮಾನಕ್ಕೆ ಹಾರಲು ಅನುಮತಿ ಸಿಗಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕು: ಅರ್ಧದಷ್ಟು ಬಾಗಿಲು ಮಾತ್ರ ಬಳಸಿ ಎಲ್ಲರೂ 90 ಸೆಕೆಂಡಿನಲ್ಲಿ ಹೊರಗಿರಬೇಕು. ಬಾಗಿಲಿನಿಂದ ನೆಲಕ್ಕೆ ಮೆಟ್ಟಿಲಿರುವುದಿಲ್ಲ, ಗಾಳಿ ತುಂಬಿದ ಜಾರುಬಂಡೆ ಇರುತ್ತದೆ. ಅದು ರಬ್ಬರಿನಂಥ ಲೇಪ ಕೊಟ್ಟ ನೈಲಾನ್ ಬಟ್ಟೆಯದು. ಚೂಪು ಹಿಮ್ಮಡಿಯ ಶೂ ಅದನ್ನು ಹರಿಯಬಹುದು, ಆದ್ದರಿಂದಲೇ ಹೈ ಹೀಲ್ಸ್ ಕಳಚಿ ಎಂಬ ಸೂಚನೆ. ಕಳಚಿದವರು ಇಳಿಯುವುದು ಬರಿಗಾಲಿನಲ್ಲಿ, ಒಡೆದ ಗಾಜು, ಚೆಲ್ಲಿದ ಇಂಧನ, ಕಾದ ಲೋಹದ ಚೂರುಗಳಿರಬಹುದಾದ ನೆಲದ ಮೇಲೆ. ಸ್ಲಿಪ್ಪರಿನವರ ಸ್ಥಿತಿಯೂ ಅಷ್ಟೆ. ಚಪ್ಪಲಿ ಹಜಾರದ ನೂಕುನುಗ್ಗಲಲ್ಲೇ ಕಾಲು ಬಿಡುತ್ತದೆ. ಹಿಂದಿನವರು ಅದನ್ನು ತುಳಿದು ಮುಗ್ಗರಿಸುತ್ತಾರೆ. ಇನ್ನು ಗಿಡ್ಡ ಚಡ್ಡಿಯವರು. ಜಾರುವ ವೇಗಕ್ಕೆ ಬರಿ ತೊಡೆ ಆ ಮೇಲ್ಮೈಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಪೂರ್ತಿ ಉದ್ದದ ಪ್ಯಾಂಟು, ತೋಳು ಮುಚ್ಚುವ ಅಂಗಿ, ಲೇಸ್ ಕಟ್ಟಿದ ಚಪ್ಪಟೆ ಹಿಮ್ಮಡಿಯ ಶೂ ಎಂದು ಸುರಕ್ಷತೆಯ ಮಂದಿ ಹೇಳುವುದು ಇದಕ್ಕೇ.

ಶೂ ಬಿಚ್ಚಲೇಬಾರದೆಂದಲ್ಲ. ಅಪಘಾತಗಳು ಹೆಚ್ಚಾಗಿ ಸಂಭವಿಸುವುದು ಮೇಲೇರುವ ಮೊದಲ ಮೂರು ನಿಮಿಷ, ಇಳಿಯುವ ಕೊನೆಯ ಎಂಟು ನಿಮಿಷಗಳಲ್ಲಿ. ಆ ಹನ್ನೊಂದು ನಿಮಿಷ ಲೇಸ್ ಬಿಗಿಯಾಗಿರಲಿ, ನಡುವೆ ಬಿಚ್ಚಿಕೊಳ್ಳಿ. ಬಿಚ್ಚಿದ ಮೇಲೆ ಸಾಕ್ಸ್‌ನಲ್ಲಿ ಶೌಚಾಲಯಕ್ಕೆ ಹೋಗಬಾರದು. ಅಲ್ಲಿನ ನೆಲದ ಒದ್ದೆ ನೀರಿನದೇ ಎಂದು ಯಾರೂ ಜಾಮೀನು ಕೊಡುವುದಿಲ್ಲ. ಗಂಟೆಗಟ್ಟಲೆ ಕೂತ ಪಾದ ಬಾತುಕೊಂಡಿರುತ್ತದೆ, ಹೊರಡುವಾಗ ಸರಿಯಾಗಿದ್ದ ಶೂ ಇಳಿಯುವಾಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಲೇಸ್ ಇದ್ದರೆ ಸಡಿಲಿಸಬಹುದು, ಸೀದಾ ತೂರಿಸುವ ಶೂಗಳಲ್ಲಿ ಆ ಸೌಕರ್ಯವಿಲ್ಲ.

ಬಟ್ಟೆಯ ನೂಲಿನ ಬಗ್ಗೆ ಯಾವ ಷರತ್ತಿನಲ್ಲೂ ಸಾಮಾನ್ಯವಾಗಿ ಒಂದಕ್ಷರ ಇರುವುದಿಲ್ಲ. ಬೆಂಕಿಯ ಮುಂದೆ ಮುಖ್ಯವಾಗುವುದು ಅದೇ. ನೈಲಾನ್ ಬಗೆಯನ್ನು ಅವಲಂಬಿಸಿ ಸುಮಾರು 220ರಿಂದ 265 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪಾಲಿಯೆಸ್ಟರ್ 260ರ ಆಸುಪಾಸಿನಲ್ಲಿ. ಕರಗಿದ್ದು ಚರ್ಮಕ್ಕೆ ಅಂಟಿಕೊಂಡರೆ ಗಾಯ ಆಳವಾಗುತ್ತದೆ. ಹತ್ತಿ ಹೊತ್ತಿಕೊಳ್ಳುತ್ತದೆ, ಕರಗುವುದಿಲ್ಲ. ಉಣ್ಣೆ ಸುಲಭಕ್ಕೆ ಹೊತ್ತುವುದೂ ಇಲ್ಲ, ಕರಿಕಾಗಿ ಆರುತ್ತದೆ. ಲೆಗ್ಗಿಂಗ್ಸ್ ಬಗ್ಗೆ ಅಷ್ಟು ಜಗಳವಾಡಿದ ಎರಡೂ ಪಕ್ಷಗಳು ಅದು ಬಿಗಿಯೋ ಸಡಿಲವೋ ಎಂದು ನೋಡಿದವು. ಅದರಲ್ಲಿ ಪಾಲಿಯೆಸ್ಟರ್ ಎಷ್ಟಿದೆ ಎಂದು ಒಳಗಿನ ಚೀಟಿ ತಿರುಗಿಸಿ ನೋಡಿದವರು ಕಾಣಲಿಲ್ಲ. ಕರಗಿ ಅಂಟಿಕೊಳ್ಳುವ ವಿಷಯದಲ್ಲಿ ಹತ್ತಿಯ ಪೈಜಾಮವೇ ವಾಸಿ. ಸಚಿವರಿಗೆ ಬೇಸರವಾಗಬಹುದು.

2024ರ ಜನವರಿ 2ರ ಸಂಜೆ ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇಯಲ್ಲಿದ್ದ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಒಳಗಿದ್ದ 379 ಜನರೂ ಬದುಕಿ ಹೊರಬಂದರು, ಬ್ಯಾಗುಗಳನ್ನು ಬಿಟ್ಟು. ಚಳಿಗಾಲದ ಕತ್ತಲಲ್ಲಿ ಅವರ ಬಳಿ ಉಳಿದದ್ದು ಮೈಮೇಲೆ ಇದ್ದದ್ದಷ್ಟೇ. ತಲೆಯ ಮೇಲಿನ ಪೆಟ್ಟಿಗೆಯಲ್ಲಿಟ್ಟ ಕೋಟು ಅಂಥ ಹೊತ್ತಿನಲ್ಲಿ ಇದ್ದೂ ಇಲ್ಲದ್ದು. ಪಾಸ್‌ಪೋರ್ಟು, ದಿನವೂ ನುಂಗಬೇಕಾದ ಮಾತ್ರೆ, ಫೋನು ಗುಂಡಿ ಅಥವಾ ಜಿಪ್ ಇರುವ ಜೇಬಿನಲ್ಲಿರಬೇಕು. ಜೇಬಿಲ್ಲದ ಉಡುಪು ನೋಡಲು ಎಷ್ಟೇ ಚೆಂದವಿದ್ದರೂ ಹಾರಾಟಕ್ಕೆ ಅರೆಬರೆ.

ಏನೂ ಆಗದ ದಿನಗಳೇ ಹೆಚ್ಚು ತಾನೆ? ಆ ದಿನಗಳಲ್ಲಿ ಕಾಡುವುದು ಪ್ಯಾಂಟಿನ ಸೊಂಟಪಟ್ಟಿ. ಕ್ಯಾಬಿನ್ನಿನ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಆಗ ಹೊಟ್ಟೆಯೊಳಗಿನ ಗಾಳಿ ಮೂರನೇ ಒಂದು ಭಾಗ ಹಿಗ್ಗುತ್ತದೆ. ನೆಲದ ಮೇಲೆ ಹಿತವಾಗಿದ್ದ ಜೀನ್ಸ್ ಗುಂಡಿ ಎರಡನೇ ಗಂಟೆಗೆ ಹಗೆ ಸಾಧಿಸತೊಡಗುತ್ತದೆ. ಕಿಟಕಿಯ ಪಕ್ಕದವರಿಗೆ ಕಾಲ ಬಳಿ ಚಳಿ, ಏಕೆಂದರೆ ಗೋಡೆಯಾಚೆ ಮೈನಸ್ 50 ಡಿಗ್ರಿಗೂ ಕೆಳಗೆ. ಪದರ ಪದರವಾಗಿ ತೊಡುವುದು ಇದಕ್ಕೆಲ್ಲ ಮದ್ದು. ರಕ್ತ ಹೆಪ್ಪುಗಟ್ಟುವ ಭಯವಿದ್ದು ವೈದ್ಯರು ಬಿಗಿಯುವ ಕಾಲುಚೀಲ ಹೇಳಿದ್ದರೆ ಮೊಣಕಾಲಿನ ಹಿಂದೆ ಸುರುಳಿಯಾಗದಂತೆ ಎಳೆದುಕೊಳ್ಳಬೇಕು. ಸುರುಳಿ ಬಿದ್ದರೆ ರಕ್ತ ಓಡಿಸಬೇಕಾದ ಚೀಲವೇ ಕಟ್ಟು ಹಾಕಿದಂತಾಗುತ್ತದೆ.

ಕೊನೆಯ ಪಂಗಡ ಲಗೇಜ್ ಶುಲ್ಕ ಉಳಿಸಲು ಸೂಟ್‌ಕೇಸನ್ನೇ ಮೈಮೇಲೆ ಹೇರಿಕೊಂಡು ಬರುವವರದು. ನಾಲ್ಕು ಅಂಗಿ, ಎರಡು ಪ್ಯಾಂಟು, ಮೇಲೊಂದು ಕೋಟು. ಸಾಮಾನ್ಯವಾಗಿ ಯಾವ ಷರತ್ತೂ ಇದನ್ನು ತಡೆಯುವುದಿಲ್ಲ, ಆದರೆ ಸ್ಕ್ಯಾನರ್ ತಡೆಯುತ್ತದೆ: ಬಟ್ಟೆಯ ಮಡಿಕೆ ಮತ್ತು ಬೆವರಿನ ಒದ್ದೆ ಎರಡೂ ಪರದೆಯ ಮೇಲೆ ಸಂಶಯದ ಚೌಕವಾಗಿ ಮೂಡಬಹುದು. ಕೂತ ಮೇಲೆ ಸೀಟ್ ಬೆಲ್ಟು ಸೊಂಟದ ಮೂಳೆಯ ಬದಲು ದಪ್ಪ ಕೋಟಿನ ಮೇಲೆ ಕೂರುತ್ತದೆ, ವಿಮಾನ ಕುಲುಕಿದಾಗ ಆ ದಪ್ಪವೆಲ್ಲ ಸಡಿಲವಾಗಿ ಬದಲಾಗುತ್ತದೆ. ಕೋಟಿನ ಗುಂಡಿ ಬಿಚ್ಚಿ ಬೆಲ್ಟನ್ನು ಅದರ ಒಳಗಿಂದ ಹಾಕಿಕೊಳ್ಳಬೇಕು. ವಿಮಾನ ಹೊರುವ ತೂಕವಂತೂ ಇದರಿಂದ ಉಳಿತಾಯವಾಗುವುದಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಕರು 2005ರಲ್ಲಿ ಹೊರಡಿಸಿದ ತೂಕದ ಸುತ್ತೋಲೆಯಲ್ಲಿ ಪ್ರಯಾಣಿಕರ ಸರಾಸರಿ ತೂಕಕ್ಕೆ ಬೇಸಿಗೆಯ ಬಟ್ಟೆಯೆಂದು 5 ಪೌಂಡ್, ಚಳಿಗಾಲದ ಬಟ್ಟೆಯೆಂದು 10 ಪೌಂಡ್ ಕೂಡಿಸಿದ್ದರು. 180 ಜನರ ವಿಮಾನದಲ್ಲಿ ಈ ವ್ಯತ್ಯಾಸವೇ 400 ಕಿಲೋ ದಾಟುತ್ತದೆ. ಆ ಸುತ್ತೋಲೆಯ ಲೆಕ್ಕದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಚಳಿಗಾಲವಾಗಿತ್ತು. ಏಪ್ರಿಲ್ ಕೊನೆಯ ಸೆಖೆಯಲ್ಲಿ ಬನಿಯನ್ ತೊಟ್ಟು ಬಂದವರ ಲೆಕ್ಕಕ್ಕೂ ಒಂದು ದಪ್ಪ ಕೋಟು ಸೇರಿರುತ್ತಿತ್ತು.